ಎರಡು, ಎಂಟು, ಹದಿನೆಂಟು: ಎಲೆಕ್ಟ್ರಾನ್‌ಗಳ ಲೆಕ್ಕ ಬಂದ ದಾರಿ

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಜ್ವಾಲೆ ಒಂದು ಕ್ಷಣ ಗಾಢ ಹಳದಿಗೆ ತಿರುಗುವುದನ್ನು ಅಡುಗೆಮನೆಯಲ್ಲಿ ನಿಂತವರೆಲ್ಲ ನೋಡಿರುತ್ತಾರೆ. ಸಾರಿಗೆ ಹಾಕಿದ ಉಪ್ಪಿನಲ್ಲಿರುವ ಸೋಡಿಯಂ ಆ ಬಣ್ಣಕ್ಕೆ ಕಾರಣ. ಆ ಹಳದಿ ಬೆಳಕನ್ನಷ್ಟೇ ಪಟ್ಟಕದ ಮೂಲಕ ಹಾಯಿಸಿದರೆ ಅದು ಕಾಮನಬಿಲ್ಲಿನಂತೆ ಹರಡಿಕೊಳ್ಳುವುದಿಲ್ಲ; 589.0 ಮತ್ತು 589.6 ನ್ಯಾನೋಮೀಟರ್ ತರಂಗದೂರದ, ಒಂದಕ್ಕೊಂದು ಅಂಟಿಕೊಂಡಂತಿರುವ ಎರಡು ಗೆರೆಗಳಾಗಿ ಕಾಣುತ್ತದೆ. ಪ್ರೌಢಶಾಲೆಯಲ್ಲಿ ಸೋಡಿಯಂನ ಎಲೆಕ್ಟ್ರಾನ್ ವಿನ್ಯಾಸವನ್ನು 2, 8, 1 ಎಂದು ಬರೆಯುವ ವಿದ್ಯಾರ್ಥಿ, ಪಿಯುಸಿಗೆ ಬಂದ ಮೇಲೆ ಅದನ್ನೇ 1ಎಸ್, 2ಎಸ್, 2ಪಿ, 3ಎಸ್ ಎಂದು ಬಿಡಿಸಿ ಬರೆಯಲು ಕಲಿಯುತ್ತಾನೆ. ಈ ಅಂಕಿಗಳನ್ನೂ ಅಕ್ಷರಗಳನ್ನೂ ಯಾರೂ ಪರಮಾಣುವಿನೊಳಗೆ ಇಣುಕಿ ಬರೆದುಕೊಂಡು ಬಂದಿಲ್ಲ. ಇಂಥ ಗೆರೆಗಳನ್ನೂ ಆವರ್ತ ಕೋಷ್ಟಕವನ್ನೂ ಎದುರಿಗಿಟ್ಟುಕೊಂಡು, ಗೊತ್ತಿದ್ದ ಉತ್ತರಕ್ಕೆ ಲೆಕ್ಕ ಹೊಂದಿಸುತ್ತ, ಹಲವು ಸಲ ತಪ್ಪಿ ತಿದ್ದಿಕೊಳ್ಳುತ್ತ ಕಟ್ಟಿದ ವ್ಯವಸ್ಥೆ ಇದು.

ಗೆರೆಗಳ ಅಧ್ಯಯನ ಎಲೆಕ್ಟ್ರಾನ್‌ಗಿಂತ ಹಳೆಯದು. ಪ್ರತಿಯೊಂದು ಧಾತುವಿಗೂ ತನ್ನದೇ ಆದ ಗೆರೆಗಳಿರುತ್ತವೆ ಎಂಬುದನ್ನು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ 1859ರಿಂದ 1861ರ ಅವಧಿಯಲ್ಲಿ ಖಚಿತಪಡಿಸಿ, ಆ ವಿಧಾನದಿಂದಲೇ ಸೀಸಿಯಂ ಮತ್ತು ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನು ಕಂಡುಹಿಡಿದರು. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದರೆ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ಜಾನ್ ಹರ್ಷಲ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೆಳಕನ್ನು ಬಿಡಿಸಿ ತೋರಿಸುವ ರೋಹಿತದರ್ಶಕ ಹೂಡಿದ್ದರು. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕು ಬಿಡಿಬಿಡಿ ಗೆರೆಗಳಾಗಿ ಕಂಡದ್ದರಿಂದ ಅವು ಕಾದ ಅನಿಲ ಎಂಬುದು ಸ್ಪಷ್ಟವಾಯಿತು. ಅವುಗಳಲ್ಲಿದ್ದ ಒಂದು ಹಳದಿ ಗೆರೆ ಸೋಡಿಯಂನದಲ್ಲ ಎಂದು ಮುಂದೆ ತಿಳಿದು ಹೀಲಿಯಂ ಎಂಬ ಹೆಸರು ಹುಟ್ಟಿತು. ಆದರೆ ಈ ಗೆರೆಗಳು ಏಕೆ ಮೂಡುತ್ತವೆ ಎಂಬ ಪ್ರಶ್ನೆಗೆ ಆಗ ಯಾರ ಬಳಿಯೂ ಉತ್ತರವಿರಲಿಲ್ಲ. ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ಹೆಣ್ಣುಮಕ್ಕಳ ಶಾಲೆಯ ಗಣಿತದ ಮೇಷ್ಟರಾಗಿದ್ದ ಬಾಮರ್, ಹೈಡ್ರೋಜನ್‌ನ ನಾಲ್ಕು ಗೆರೆಗಳ ತರಂಗದೂರಗಳನ್ನು ಒಂದೇ ಸೂತ್ರದಲ್ಲಿ ಹಿಡಿದಿಟ್ಟದ್ದು 1885ರಲ್ಲಿ. ಆ ಸೂತ್ರವೂ ಕಾರಣವನ್ನು ಹೇಳುತ್ತಿರಲಿಲ್ಲ.

ನಮ್ಮ ಎಸ್, ಪಿ, ಡಿ, ಎಫ್ ಅಕ್ಷರಗಳು ಬಂದದ್ದು ಈ ಕಾಲದ ರೋಹಿತತಜ್ಞರಿಂದ. ಸೋಡಿಯಂ, ಪೊಟ್ಯಾಸಿಯಂನಂಥ ಕ್ಷಾರ ಲೋಹಗಳ ಗೆರೆಗಳನ್ನು ಅವರು ಸಾಲುಸಾಲಾಗಿ ವಿಂಗಡಿಸಿ, ನೋಟಕ್ಕೆ ಹರಿತವಾಗಿದ್ದ ಸಾಲಿಗೆ 'ಶಾರ್ಪ್', ಎಲ್ಲಕ್ಕಿಂತ ಎದ್ದು ಕಾಣುವ ಸಾಲಿಗೆ 'ಪ್ರಿನ್ಸಿಪಲ್', ಮಸುಕಾಗಿ ಹರಡಿದಂತಿದ್ದುದಕ್ಕೆ 'ಡಿಫ್ಯೂಸ್', ಅನಂತರ ಸಿಕ್ಕ ಇನ್ನೊಂದಕ್ಕೆ 'ಫಂಡಮೆಂಟಲ್' ಎಂದು ಹೆಸರಿಟ್ಟರು. ಒಲೆಯ ಮೇಲಿನ ಹಳದಿ ಬೆಳಕು ಸೋಡಿಯಂನ ಪ್ರಿನ್ಸಿಪಲ್ ಸಾಲಿನ ಮೊದಲ ಗೆರೆ. 3ಪಿ ಮಟ್ಟಕ್ಕೆ ಏರಿದ ಎಲೆಕ್ಟ್ರಾನ್ 3ಎಸ್‌ಗೆ ಇಳಿಯುವಾಗ ಹೊಮ್ಮುವ ಬೆಳಕು. ಎಸ್ ಎಂದರೆ ಗೋಳಾಕಾರಕ್ಕೆ ಇಂಗ್ಲಿಷಿನಲ್ಲಿರುವ ಪದದ ಮೊದಲ ಅಕ್ಷರವಿರಬೇಕು ಎಂದು ಬಹಳ ವಿದ್ಯಾರ್ಥಿಗಳು ಊಹಿಸುತ್ತಾರೆ. ಅಕ್ಷರ ಹುಟ್ಟಿದಾಗ ಆಕಾರದ ಮಾತೇ ಇರಲಿಲ್ಲ.

1897ರಲ್ಲಿ ಎಲೆಕ್ಟ್ರಾನ್ ಪತ್ತೆಯಾದ ಮೇಲೆ ಅವು ಪರಮಾಣುವಿನಲ್ಲಿ ಹೇಗೆ ಕೂತಿರುತ್ತವೆ ಎಂಬ ಪ್ರಶ್ನೆ ಎದ್ದಿತು. ಜೆ.ಜೆ. ಥಾಮ್ಸನ್ ಇದಕ್ಕೆ ನೆನಪಿಸಿಕೊಂಡದ್ದು ಅಮೆರಿಕದ ಮೇಯರ್ 1878ರಲ್ಲಿ ಮಾಡಿದ್ದ ಒಂದು ಸರಳ ಪ್ರಯೋಗವನ್ನು: ಕಾಂತೀಯಗೊಳಿಸಿದ ಸೂಜಿಗಳನ್ನು ಬೆಂಡಿನ ತುಂಡುಗಳಿಗೆ ಚುಚ್ಚಿ ನೀರಿನಲ್ಲಿ ತೇಲಿಬಿಟ್ಟು, ಮೇಲೊಂದು ದೊಡ್ಡ ಅಯಸ್ಕಾಂತವನ್ನು ಹಿಡಿದರೆ, ಸೂಜಿಗಳು ತಾವಾಗಿ ಒಂದರೊಳಗೊಂದು ಉಂಗುರಗಳಾಗಿ ನಿಲ್ಲುತ್ತವೆ, ಸೂಜಿ ಹೆಚ್ಚಾದಂತೆ ಹೊಸ ಉಂಗುರ ಮೂಡುತ್ತದೆ. ಧಾತುಗಳ ಗುಣಗಳು ಮರಳಿ ಮರಳಿ ಬರುವುದಕ್ಕೆ ಇಂಥ ಉಂಗುರಗಳೇ ಕಾರಣವಿರಬಹುದು ಎಂದು ಥಾಮ್ಸನ್ 1904ರಲ್ಲಿ ವಾದಿಸಿದರು. ಅವರ ಪರಮಾಣು ಮಾದರಿ ರುದರ್‌ಫರ್ಡ್‌ರ 1911ರ ನ್ಯೂಕ್ಲಿಯಸ್ಸಿನ ಎದುರು ನಿಲ್ಲಲಿಲ್ಲವಾದರೂ, ಗುಣಗಳ ಪುನರಾವರ್ತನೆಗೆ ಎಲೆಕ್ಟ್ರಾನ್‌ಗಳ ಗುಂಪುಗಾರಿಕೆಯೇ ಕಾರಣವೆಂಬ ಎಳೆ ಉಳಿದುಕೊಂಡಿತು.

ನೀಲ್ಸ್ ಬೋರ್ 1913ರಲ್ಲಿ ಬಾಮರ್ ಸೂತ್ರಕ್ಕೆ ಕಾರಣ ಕೊಟ್ಟರು: ಎಲೆಕ್ಟ್ರಾನ್ ನಿರ್ದಿಷ್ಟ ಶಕ್ತಿಮಟ್ಟಗಳಲ್ಲಿ ಮಾತ್ರ ಇರಬಲ್ಲದು, ಮಟ್ಟದಿಂದ ಮಟ್ಟಕ್ಕೆ ಇಳಿಯುವಾಗ ಗೆರೆ ಮೂಡುತ್ತದೆ. ಈ ಭಾಗವನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಅದೇ ವರ್ಷ ಬೋರ್ ಪ್ರಕಟಿಸಿದ ಎಲೆಕ್ಟ್ರಾನ್ ವಿನ್ಯಾಸಗಳ ಪಟ್ಟಿಯನ್ನು ಮಾತ್ರ ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದರಲ್ಲಿ ಇಂಗಾಲ 2, 4. ನೈಟ್ರೋಜನ್ 4, 3. ಆಮ್ಲಜನಕ 4, 2, 2. ನಿಯಾನ್ 8, 2. ಇಂಗಾಲವೊಂದನ್ನು ಬಿಟ್ಟು ಉಳಿದವನ್ನು ಇಂದಿನ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ಅಂಕ ಸಿಗದು. ನೈಟ್ರೋಜನ್‌ನ ವೇಲೆನ್ಸಿ, ಅಂದರೆ ಇತರ ಪರಮಾಣುಗಳೊಡನೆ ಬಂಧ ಬೆಸೆಯುವ ಸಾಮರ್ಥ್ಯ, ಮೂರು ಎಂಬುದು ರಸಾಯನಶಾಸ್ತ್ರಜ್ಞರಿಗೆ ಮೊದಲೇ ಗೊತ್ತಿದ್ದುದರಿಂದ ಬೋರ್ ಹೊರಗಿನ ಉಂಗುರದಲ್ಲಿ ಮೂರನ್ನು ಇಟ್ಟು, ಉಳಿದ ನಾಲ್ಕನ್ನು ಒಳಕ್ಕೆ ಹಾಕಿದ್ದರು. ಸಿದ್ಧಾಂತದಿಂದ ವಿನ್ಯಾಸ ಹೊರಟಿತು ಎಂಬ ಕಥೆ ನಿಜವಲ್ಲ ಎಂಬುದನ್ನು ಈ ಪಟ್ಟಿ ಚೆನ್ನಾಗಿಯೇ ತೋರಿಸುತ್ತದೆ.

ಎಲೆಕ್ಟ್ರಾನ್‌ಗಳ ಈ ಗುಂಪುಗಳಿಗೆ, ಅಂದರೆ ಕವಚಗಳಿಗೆ, ಕೆ, ಎಲ್, ಎಂ ಎಂಬ ಹೆಸರುಗಳು ಬಂದದ್ದು ಇನ್ನೊಂದು ಕಡೆಯಿಂದ. ಎಕ್ಸ್-ಕಿರಣಗಳಲ್ಲಿ ಎರಡು ಬಗೆಯನ್ನು ಗುರುತಿಸಿದ ಬಾರ್ಕ್ಲಾ, ಇವೆರಡರ ಆಚೆಗೂ ಈಚೆಗೂ ಇನ್ನಷ್ಟು ಸಿಗಬಹುದೆಂದು ಜಾಗ ಬಿಟ್ಟು, ವರ್ಣಮಾಲೆಯ ನಡುವಿನ ಕೆ ಮತ್ತು ಎಲ್ ಅಕ್ಷರಗಳನ್ನು ಆರಿಸಿಕೊಂಡರು. ಕೆಗಿಂತ ಒಳಗೆ ಏನೂ ಸಿಗಲಿಲ್ಲ. ಹಾಗಾಗಿ ಮೊದಲ ಕವಚ ಇಂದಿಗೂ ಹನ್ನೊಂದನೆಯ ಅಕ್ಷರದಿಂದ ಶುರುವಾಗುತ್ತದೆ.

ಲೂಯಿಸ್ 1916ರಲ್ಲಿ, ಲ್ಯಾಂಗ್ಮ್ಯೂರ್ 1919ರಲ್ಲಿ, ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್‌ಗಳಿದ್ದರೆ ಪರಮಾಣು ಸ್ಥಿರ ಎಂಬ ಅಷ್ಟಕ ನಿಯಮವನ್ನು ರಸಾಯನಶಾಸ್ತ್ರದ ಕಡೆಯಿಂದ ಬೆಳೆಸಿದರು. 1922ರ ಹೊತ್ತಿಗೆ ಬೋರ್ ತಮ್ಮ ಹಳೆಯ ಪಟ್ಟಿಯನ್ನು ಬದಿಗಿಟ್ಟು, ಒಂದೊಂದೇ ಎಲೆಕ್ಟ್ರಾನ್ ಸೇರಿಸುತ್ತ ಪರಮಾಣುವನ್ನು ಕಟ್ಟಿಕೊಂಡು ಹೋಗುವ ಕ್ರಮವನ್ನು ರೂಪಿಸಿದ್ದರು. ಇಂದು ನಾವು ಆಫ್‌ಬೌ ತತ್ವ ಎನ್ನುವುದರ ಬುನಾದಿ ಅದು. ಅದರ ಪ್ರಕಾರ 71ನೆಯ ಧಾತುವಿಗೆ ವಿರಳ ಭೂಧಾತುಗಳ ಸಾಲು ಮುಗಿಯಬೇಕು, 72ನೆಯದು ಜಿರ್ಕೋನಿಯಂ ಅನ್ನು ಹೋಲಬೇಕು. ಫ್ರಾನ್ಸಿನ ಊರ್ಬೇನ್ ಆ 72ನ್ನು ವಿರಳ ಭೂಧಾತುವಾಗಿಯೇ ಕಂಡುಹಿಡಿದಿರುವುದಾಗಿ ಹೇಳಿಕೊಂಡಿದ್ದರು. ಬೋರ್ ಅವರ ಕೋಪನ್‌ಹೇಗನ್ ಸಂಸ್ಥೆಯಲ್ಲಿದ್ದ ಕೋಸ್ಟರ್ ಮತ್ತು ಹೆವೆಶಿ ಜಿರ್ಕೋನಿಯಂನ ಅದಿರನ್ನೇ ಎಕ್ಸ್-ಕಿರಣದಿಂದ ಪರೀಕ್ಷಿಸಿದಾಗ 72 ಅಲ್ಲಿ ಸಿಕ್ಕಿತು. 1922ರ ಡಿಸೆಂಬರ್ 11ರಂದು ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಉಪನ್ಯಾಸ ಕೊಡುತ್ತಿದ್ದ ಬೋರ್ ಅಲ್ಲಿಯೇ ಈ ಸುದ್ದಿಯನ್ನು ಸೇರಿಸಿ ಹೇಳಿದರು. ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರಿನಿಂದ ಧಾತು ಹಾಫ್ನಿಯಂ ಆಯಿತು. ಇದನ್ನು ಬೋರ್ ಸಿದ್ಧಾಂತದ ದಿಗ್ವಿಜಯವೆಂದು ಹೇಳುವುದು ವಾಡಿಕೆ. ಆದರೆ ಬರಿಯ ರಾಸಾಯನಿಕ ಗುಣಗಳ ಆಧಾರದಿಂದ ಚಾರ್ಲ್ಸ್ ಬ್ಯೂರಿ ಎಂಬ ರಸಾಯನಶಾಸ್ತ್ರಜ್ಞ 1921ರಲ್ಲಿಯೇ ಇದೇ ತೀರ್ಮಾನಕ್ಕೆ ಬಂದಿದ್ದರು.

ಆ ಹೊತ್ತಿನ ಬೋರ್ ಪಟ್ಟಿಯಲ್ಲಿಯೂ ಒಂದು ದೋಷ ಉಳಿದಿತ್ತು. ಎರಡನೆಯ ಕವಚದ ಎಂಟನ್ನು ಅವರು 4 ಮತ್ತು 4 ಎಂದೂ, ಮೂರನೆಯದರ ಹದಿನೆಂಟನ್ನು 6, 6, 6 ಎಂದೂ ಸಮಪಾಲು ಮಾಡಿದ್ದರು. ಕೇಂಬ್ರಿಡ್ಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಎಡ್ಮಂಡ್ ಸ್ಟೋನರ್ 1924ರಲ್ಲಿ ಇದನ್ನು ತಿದ್ದಿದರು. ಅವರ ತರ್ಕವನ್ನು ನಮ್ಮ ಒಲೆಯ ಜೋಡಿಗೆರೆಯಿಂದಲೇ ಹೇಳಬಹುದು. ಗೆರೆಗಳು ಎರಡಿರುವುದಕ್ಕೆ ಕಾರಣ 3ಪಿ ಮಟ್ಟವೇ ಎರಡಾಗಿ ಒಡೆದಿರುವುದು. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟರೆ ಅವುಗಳಲ್ಲಿ ಒಂದು ಎರಡಾಗಿ, ಇನ್ನೊಂದು ನಾಲ್ಕಾಗಿ ಸೀಳುತ್ತದೆ, ಒಟ್ಟು ಆರು. ಎಸ್ ಮಟ್ಟ ಎರಡಾಗಿಯೂ ಡಿ ಮಟ್ಟ ಹತ್ತಾಗಿಯೂ ಸೀಳುತ್ತವೆ. ಸೀಳಿದ ಮಟ್ಟಗಳು ಎಷ್ಟೋ ಅಷ್ಟೇ ಎಲೆಕ್ಟ್ರಾನ್‌ಗಳಿಗೆ ಅಲ್ಲಿ ಜಾಗ ಎಂದು ಸ್ಟೋನರ್ ಹೇಳಿದಾಗ ಎಂಟು ಎಂಬುದು 2 + 6 ಆಯಿತು, ಹದಿನೆಂಟು 2 + 6 + 10 ಆಯಿತು. ಬರ್ಮಿಂಗ್‌ಹ್ಯಾಮ್‌ನ ರಸಾಯನಶಾಸ್ತ್ರಜ್ಞ ಮೇನ್ ಸ್ಮಿತ್ ಅದೇ ವರ್ಷ ಇದೇ ಹಂಚಿಕೆಯನ್ನು ಮುಂದಿಟ್ಟಿದ್ದರು. ಭೌತವಿಜ್ಞಾನಿಗಳು ಓದದ ಪತ್ರಿಕೆಯಲ್ಲಿ ಅಚ್ಚಾದ ಆ ಬರಹ ಬಹುಕಾಲ ಮೂಲೆಯಲ್ಲಿ ಉಳಿಯಿತು.

ಸ್ಟೋನರ್ ಲೇಖನವನ್ನು ಓದಿದ ವುಲ್ಫ್‌ಗಾಂಗ್ ಪೌಲಿ, ಪ್ರತಿಯೊಂದು ಎಲೆಕ್ಟ್ರಾನ್‌ಗೂ ಅದರ ಸ್ಥಿತಿಯನ್ನು ಗುರುತಿಸುವ ನಾಲ್ಕು ಕ್ವಾಂಟಂ ಸಂಖ್ಯೆಗಳಿವೆಯೆಂದೂ ಒಂದು ಪರಮಾಣುವಿನ ಎರಡು ಎಲೆಕ್ಟ್ರಾನ್‌ಗಳಿಗೆ ಆ ನಾಲ್ಕೂ ಒಂದೇ ಆಗಿರಲಾರವೆಂದೂ 1925ರಲ್ಲಿ ಪ್ರತಿಪಾದಿಸಿದರು. ನಾಲ್ಕನೆಯ ಸಂಖ್ಯೆ ಏನನ್ನು ಸೂಚಿಸುತ್ತದೆ ಎಂಬುದು ಅವರಿಗೂ ಸ್ಪಷ್ಟವಿರಲಿಲ್ಲ. ಅದೇ ವರ್ಷ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅದನ್ನು ಎಲೆಕ್ಟ್ರಾನಿನ ಸ್ಪಿನ್ ಎಂದು ಗುರುತಿಸಿದರು. 1926ರ ಶ್ರೋಡಿಂಗರ್ ಸಮೀಕರಣದ ಅನಂತರ ಗೆರೆ ಎಳೆದಂಥ ಕಕ್ಷೆ ಹೋಗಿ, ಎಲೆಕ್ಟ್ರಾನ್ ಎಲ್ಲೆಲ್ಲಿ ಸಿಗುವ ಸಂಭವ ಎಷ್ಟೆಷ್ಟು ಎಂದು ಹೇಳುವ ಆರ್ಬಿಟಲ್ ಬಂದಿತು. ಈ ಪದವನ್ನು ಚಾಲ್ತಿಗೆ ತಂದವರು ಮುಲಿಕನ್, 1932ರಲ್ಲಿ. ಕನ್ನಡದಲ್ಲಿ ಇವನ್ನು ಕಕ್ಷೆ ಮತ್ತು ಕಕ್ಷಕ ಎಂದು ಬೇರೆ ಮಾಡುತ್ತೇವಾದರೂ, ಒಂದೇ ಅಕ್ಷರದ ಅಂತರವಿರುವ ಈ ಜೋಡಿ ವಿದ್ಯಾರ್ಥಿಯನ್ನು ಗೊಂದಲಕ್ಕೆ ದೂಡುವುದೇ ಹೆಚ್ಚು.

3ಡಿಗಿಂತ ಮೊದಲು 4ಎಸ್ ತುಂಬುವುದೇಕೆ ಎಂಬುದು ತರಗತಿಯಲ್ಲಿ ತಪ್ಪದೆ ಬರುವ ಪ್ರಶ್ನೆ. ಮೊದಲ ಎರಡು ಕ್ವಾಂಟಂ ಸಂಖ್ಯೆಗಳನ್ನು, ಅಂದರೆ ಕವಚದ ಅಂಕಿಯನ್ನೂ ಅಕ್ಷರದ ಅಂಕಿಯನ್ನೂ (ಎಸ್‌ಗೆ 0, ಪಿಗೆ 1, ಡಿಗೆ 2) ಕೂಡಿ, ಮೊತ್ತ ಕಡಿಮೆ ಇರುವುದು ಮೊದಲು ತುಂಬುತ್ತದೆ ಎಂಬ ಉತ್ತರ 1936ರಲ್ಲಿ ಮಾಡೆಲುಂಗ್ ಪ್ರಕಟಿಸಿದ ನಿಯಮ: 4ಎಸ್‌ಗೆ 4 + 0, 3ಡಿಗೆ 3 + 2. ಆವರ್ತ ಕೋಷ್ಟಕದಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳು ಎಲ್ಲಿ ಕೂರುತ್ತವೆ ಎಂಬುದನ್ನು ನೆನಪಿಡಲು ಇದು ಒಳ್ಳೆಯ ಉಪಾಯ. ಎಲ್ಲ ಪರಮಾಣುವಿನಲ್ಲಿಯೂ 4ಎಸ್‌ನ ಶಕ್ತಿಯೇ ಕಡಿಮೆ ಎಂದು ಇದರಿಂದ ತಿಳಿಯಬಾರದು. ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡಾಗ ಹೋಗುವುದು 4ಎಸ್‌ನವು, ಉಳಿಯುವುದು 3ಡಿಯ ಆರು. ಸ್ಕ್ಯಾಂಡಿಯಂನಿಂದ ಎರಡು ಎಲೆಕ್ಟ್ರಾನ್ ತೆಗೆದರೆ ಉಳಿಯುವ ಒಂದು ಹೊರ ಎಲೆಕ್ಟ್ರಾನ್ 3ಡಿಯಲ್ಲಿರುತ್ತದೆ ಎಂಬುದನ್ನು ಅದರ ಗೆರೆಗಳೇ ಹೇಳುತ್ತವೆ. ನ್ಯೂಕ್ಲಿಯಸ್ಸಿನ ಆವೇಶ ಹೆಚ್ಚಿದಂತೆ 3ಡಿ ಒಳಕ್ಕೆ ಸರಿದು 4ಎಸ್‌ಗಿಂತ ಕೆಳಗಿಳಿಯುತ್ತದೆ.

ಕ್ರೋಮಿಯಂನಲ್ಲಿ 4ಎಸ್‌ನಲ್ಲಿ ಒಂದೇ ಎಲೆಕ್ಟ್ರಾನ್ ಇರುವುದಕ್ಕೆ ಅರ್ಧ ತುಂಬಿದ ಉಪಕವಚದ (ಕವಚದೊಳಗಿನ ಎಸ್, ಪಿ, ಡಿಯಂಥ ಭಾಗದ) ಸ್ಥಿರತೆ ಕಾರಣವೆಂದು ಬರೆಸಲಾಗುತ್ತದೆ. ಪರೀಕ್ಷೆಗೆ ಅದನ್ನೇ ಬರೆಯಬೇಕು, ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಅದೇ ಗುಂಪಿನ ಟಂಗ್‌ಸ್ಟನ್‌ನಲ್ಲಿ 6ಎಸ್‌ನಲ್ಲಿ ಎರಡೂ ಇವೆ. ಡಿ ಉಪಕವಚ ಅರ್ಧವೂ ತುಂಬದ ನಿಯೋಬಿಯಂನಲ್ಲಿ 5ಎಸ್‌ನಲ್ಲಿ ಒಂದೇ ಇದೆ. ಪೆಲೇಡಿಯಂನ 5ಎಸ್ ಖಾಲಿಯೇ ಇದೆ. ಇವನ್ನೆಲ್ಲ ತಿಳಿದದ್ದು ನಿಯಮದಿಂದಲ್ಲ, ಮಾಪನದಿಂದ. ನಿಯಮದ ಪ್ರಕಾರ 103ನೆಯ ಧಾತು ಲಾರೆನ್ಸಿಯಂನ ಕೊನೆಯ ಎಲೆಕ್ಟ್ರಾನ್ 6ಡಿಯಲ್ಲಿರಬೇಕು. ಸುಮಾರು 27 ಸೆಕೆಂಡ್ ಅರ್ಧಾಯುವಿನ ಅದರ ಐಸೊಟೋಪನ್ನು ಜಪಾನಿನಲ್ಲಿ ಬೆರಳೆಣಿಕೆಯ ಪರಮಾಣುಗಳ ಲೆಕ್ಕದಲ್ಲಿ ತಯಾರಿಸಿ, ಒಂದು ಎಲೆಕ್ಟ್ರಾನ್ ಕೀಳಲು ಬೇಕಾಗುವ ಶಕ್ತಿಯನ್ನು ಅಳೆದು 2015ರಲ್ಲಿ ಪ್ರಕಟಿಸಲಾಯಿತು: ಸುಮಾರು 4.96 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಸಡಿಲವಾಗಿರುವ ಆ ಎಲೆಕ್ಟ್ರಾನ್ ಇರುವುದು 7ಪಿಯಲ್ಲಿ ಎಂಬ ಲೆಕ್ಕಾಚಾರಕ್ಕೆ ಆ ಅಂಕಿ ಹೊಂದಿಕೊಳ್ಳುತ್ತದೆ.