ನ್ಯಾನೋ ಬಟ್ಟೆ ಗುಂಡು ತಡೆಯುತ್ತಾ?

ಪ್ರಶ್ನೆ: ಅಂಗಿಯಷ್ಟು ತೆಳ್ಳಗಿನ ನ್ಯಾನೋ ಬಟ್ಟೆಯೇ ಗುಂಡು ತಡೆಯುತ್ತದಂತೆ. ಮತ್ತೆ ಸೈನಿಕರು ಅಷ್ಟು ಭಾರದ ಜಾಕೆಟ್ ಯಾಕೆ ಹೊರಬೇಕು?

ಉತ್ತರ: ಇದಕ್ಕೆ ಎಷ್ಟೋ ಸಲ ಉತ್ತರ ಕೊಟ್ಟಿದ್ದೇನೆ. ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ. ನ್ಯಾನೋ ಬಟ್ಟೆ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಅಥವಾ ಕೊಳವೆ ಸೇರಿಸಿ ಮಾಡಿದ ಬಟ್ಟೆ.

ಬಟ್ಟೆ ಹರಿಯದಿದ್ದರೆ ಸೈನಿಕ ಬಚಾವ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ತಪ್ಪಿರುವುದೇ ಅಲ್ಲಿ. ಎಕೆ-47ರ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 700 ಮೀಟರ್‌ಗಿಂತ ಜಾಸ್ತಿ. ಲೆಕ್ಕ ಹಾಕಿ, ಸುಮಾರು 2,000 ಜೂಲ್ ಶಕ್ತಿ ಬರುತ್ತದೆ. ಅದು ಎಲ್ಲಾದರೂ ಹೋಗಲೇಬೇಕಲ್ವಾ? ತೆಳ್ಳಗಿನ ಬಟ್ಟೆ ಎಷ್ಟೇ ಗಟ್ಟಿ ಇರಲಿ, ಹರಿಯದೆಯೇ ಗುಂಡಿನ ಜೊತೆ ಎದೆಯೊಳಕ್ಕೆ ನುಗ್ಗುತ್ತದೆ, ಪಕ್ಕೆಲುಬು ಮುರಿಯುತ್ತದೆ, ಒಳಗೆ ರಕ್ತಸ್ರಾವ ಆಗುತ್ತದೆ. ಜಾಕೆಟ್ ಪರೀಕ್ಷಿಸುವಾಗ ಹಿಂದೆ ಜೇಡಿಮಣ್ಣು ಇಡುವುದು ಅದಕ್ಕೇ. ಗುಂಡು ನಿಂತರೂ ಮಣ್ಣಿನಲ್ಲಿ 44 ಮಿಲಿಮೀಟರ್‌ಗಿಂತ ಆಳದ ಗುಳಿ ಬಿದ್ದರೆ ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಎನ್‌ಐಜೆಯ ಮಾನದಂಡದ ಪ್ರಕಾರ ಜಾಕೆಟ್ ಫೇಲ್. ರೈಫಲ್ ಗುಂಡಿಗೆ ಪ್ಲೇಟ್ ಬೇಕೇ ಬೇಕು: ಮುಂದಿನ ಸೆರಾಮಿಕ್ ಗುಂಡನ್ನು ಒಡೆಯುತ್ತದೆ, ಹಿಂದಿನ ನಾರಿನ ಪದರ ಚೂರುಗಳನ್ನು ಹಿಡಿದುಕೊಳ್ಳುತ್ತದೆ. ಇನ್ನು ಇಂಥ ಬಟ್ಟೆಗೆ ಎಲ್ಲರೂ ಹೆಸರಿಸುವ ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಇಂಗಾಲದ ಅತಿಸಣ್ಣ ಕೊಳವೆ. ಒಂದೊಂದು ಕೊಳವೆ ಉಕ್ಕಿಗಿಂತ ಬಲ, ನಿಜ. ಆದರೆ ಅವನ್ನು ಸೇರಿಸಿ ದಾರ ಮಾಡಿದಾಗ ಆ ಬಲ ಬಹಳ ಮಟ್ಟಿಗೆ ಕಳೆದುಹೋಗುತ್ತದೆ.

ಹಾಗಂತ ನ್ಯಾನೋ ಸುಳ್ಳಲ್ಲ. 2002ರಲ್ಲಿ ಅಮೆರಿಕದ ಸೇನೆ 5 ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟು ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಸಂಸ್ಥೆ ತೆರೆಯಿತು, ಸೈನಿಕನ ಹೊರೆ ಇಳಿಸುವುದು ಅದರ ದೊಡ್ಡ ಗುರಿಗಳಲ್ಲೊಂದು. ಡೆಲಾವೇರ್ ವಿಶ್ವವಿದ್ಯಾಲಯದವರು ಸೇನೆಯ ಪ್ರಯೋಗಾಲಯದ ಜೊತೆ ಸೇರಿ ಕೆವ್ಲಾರ್ (ಗುಂಡು ನಿರೋಧಕ ಜಾಕೆಟ್‌ಗೆ ಬಳಸುವ ಗಟ್ಟಿ ನಾರು) ಬಟ್ಟೆಗೆ ಸಿಲಿಕಾದ ಅತಿಸಣ್ಣ ಕಣಗಳಿರುವ ದ್ರವ ಕುಡಿಸಿದರು. ನೀರಲ್ಲಿ ಕಲಸಿದ ಕಾರ್ನ್‌ಫ್ಲೋರ್‌ಗೆ ಗುದ್ದಿ ನೋಡಿ, ಗಟ್ಟಿಯಾಗುತ್ತದೆ, ಇದೂ ಹಾಗೇ. ಮಾಮೂಲಿಯಾಗಿ ಬಟ್ಟೆ ಬಗ್ಗುತ್ತದೆ, ಏಟು ಬಿದ್ದ ಕ್ಷಣ ಬಿಗಿಯುತ್ತದೆ. ಚಾಕು, ಮೊಳೆಯಂಥ ಚೂಪು ಆಯುಧಕ್ಕೆ, ಸಿಡಿದು ಬರುವ ಚೂರುಗಳಿಗೆ ಕಡಿಮೆ ಪದರ ಸಾಕಾಗಬಹುದು. ಕೈ, ಕಾಲು, ಕುತ್ತಿಗೆಗೆ ಇದು ನಿಜಕ್ಕೂ ದೊಡ್ಡ ವಿಷಯ, ಅಲ್ಲಿಗೆ ಪ್ಲೇಟ್ ಕಟ್ಟೋಕೆ ಆಗಲ್ಲ.

ಇಷ್ಟಾದ ಮೇಲೆ, ಯಾರೂ ಕೇಳದ ಇನ್ನೊಂದು ನ್ಯಾನೋ ಬಟ್ಟೆ, ಬೆಳ್ಳಿ ಕಣ ಸೇರಿಸಿದ ಕಾಲುಚೀಲದ ಬಗ್ಗೆಯೂ ಹೇಳಬೇಕು. ದಿನಗಟ್ಟಲೆ ಬೂಟು ಬಿಚ್ಚದವರಿಗೆ ಪಾದದ ಸೋಂಕು ಸಣ್ಣ ಸಮಸ್ಯೆ ಅಲ್ಲ, ಬೆಳ್ಳಿಯ ನ್ಯಾನೋ ಕಣ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆದರೆ 2008ರಲ್ಲಿ ಅರಿಜೋನಾದ ಸಂಶೋಧಕರು ಅಂಗಡಿಯ ಕಾಲುಚೀಲಗಳನ್ನು ಬರೀ ನೀರಿನಲ್ಲಿ ಒಗೆದು ನೋಡಿದಾಗ, ಕೆಲವು ನಾಲ್ಕಾರು ಒಗೆತಕ್ಕೇ ಬಹುತೇಕ ಬೆಳ್ಳಿ ಬಿಟ್ಟುಬಿಟ್ಟವು. ಆ ಬೆಳ್ಳಿ ಹೋಗುವುದು ಚರಂಡಿಗೆ, ಅಲ್ಲಿಂದ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ. ಅಲ್ಲಿ ಕೆಲಸ ಮಾಡುವುದೂ ಬ್ಯಾಕ್ಟೀರಿಯಾವೇ!