ಎಲೆಯ ವಾಸನೆ ಹಿಡಿದು ಬರುವ ನುಸಿ

ಪುಣೆ ಹತ್ತಿರದ ತಳೇಗಾಂವ್ ಕಡೆ ಗುಲಾಬಿ ಪಾಲಿಹೌಸ್‌ಗಳು ಜಾಸ್ತಿ. ಅಲ್ಲಿ ದುಡಿಯುವ ನಮ್ಮ ವಿಜಯಪುರದ ಕಡೆಯವರನ್ನು ಮಾತಾಡಿಸಿದರೆ ಒಂದೇ ಗೋಳು: "ಮೈಟ್ ಬಂದೈತ್ರಿ, ಎಷ್ಟ್ ಎಣ್ಣಿ ಹೊಡದ್ರೂ ಹೋಗವಲ್ದು." ಹೋಗುವುದಾದರೂ ಹೇಗೆ? ಈ ಮೈಟ್, ಅಂದರೆ ಜೇಡನುಸಿ, ಕೀಟವೇ ಅಲ್ಲ, ಎಂಟು ಕಾಲಿನ ಜೇಡದ ಬಳಗ. ಅವರು 'ಎಣ್ಣಿ' ಅನ್ನುವ ಎಷ್ಟೋ ಕೀಟನಾಶಕಗಳು ಅದಕ್ಕೆ ನಾಟುವುದಿಲ್ಲ. ಅದನ್ನು ತಿನ್ನುವ ಜೀವಿಗಳು ಮಾತ್ರ ಸಾಯುತ್ತವೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಂಥ ವಿಷಗಳು ಬಂದ ಮೇಲೆಯೇ ಈ ನುಸಿ ದೊಡ್ಡ ಪೀಡೆಯಾಗಿದ್ದು.

ಪುಣೆ ಪಕ್ಕದ ಪಿಂಪ್ರಿಯ ಬಾಲ್ಕನಿಗಳಲ್ಲಿ ಗುಲಾಬಿ ಬಾಡಿದರೆ ದೃಷ್ಟಿ ತಾಗಿತು ಅಂತ ನಿಂಬೆಹಣ್ಣು ಕಟ್ಟುವವರೂ ಇದ್ದಾರೆ. ದಯವಿಟ್ಟು ಎಲೆ ಮಗುಚಿ ನೋಡಿ. ಲೆನ್ಸ್ ಹಿಡಿದರೆ ಸಣ್ಣ ಬಲೆ, ಬೆನ್ನ ಮೇಲೆ ಎರಡು ಕಪ್ಪು ಮಚ್ಚೆಯ ನುಸಿಗಳು, ಮುತ್ತಿನಂಥ ಮೊಟ್ಟೆಗಳು ಕಾಣುತ್ತವೆ.

ಇವನ್ನು ತಿನ್ನುವುದೂ ಇನ್ನೊಂದು ನುಸಿಯೇ, ಫೈಟೋಸಿಯುಲಸ್ ಪರ್ಸಿಮಿಲಿಸ್. ಕಿತ್ತಳೆ ಬಣ್ಣ, ಹೊಳೆಯುವ ಮೈ, ಚುರುಕು ಓಟ. ಚಿಲಿಯಿಂದ ಬಂದ ಆರ್ಕಿಡ್ ಗಿಡಗಳ ಜೊತೆ 1958ರ ಹೊತ್ತಿಗೆ ಜರ್ಮನಿಗೆ ಆಕಸ್ಮಿಕವಾಗಿ ಬಂತು. 1967ರಲ್ಲಿ ನೆದರ್‌ಲ್ಯಾಂಡ್ಸ್‌ನ ಸೌತೆಕಾಯಿ ಬೆಳೆಗಾರ ಯಾನ್ ಕಾಪರ್ಟ್, ಕೀಟನಾಶಕ ತನ್ನ ಮೈಗೇ ಒಗ್ಗದೆ ಇದನ್ನು ಸಾಕಲು ಶುರು ಮಾಡಿದರು. ಅದೇ ಮುಂದೆ ದೊಡ್ಡ ಉದ್ಯಮವಾಯಿತು.

ನನಗೆ ಅತಿ ಸೋಜಿಗ ಅನಿಸುವುದು ಬೇರೆ. ಈ ಬೇಟೆಗಾರನಿಗೆ ಕಣ್ಣೇ ಇಲ್ಲ! ದಾರಿ ತೋರಿಸುವುದು ಗಿಡ. ಜೇಡನುಸಿ ರಸ ಹೀರಿದ ಅವರೆ ಜಾತಿಯ ಎಲೆ ಒಂದು ಬಗೆಯ ವಾಸನೆ ಬಿಡುತ್ತದೆ. ಅದರಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ, ನಾವು ಮೈಕೈ ನೋವಿಗೆ ಹಚ್ಚುವ ಮುಲಾಮಿನ ಘಾಟೇ ಅದು. ಸುಮ್ನೆ ಎಲೆ ಹರಿದರೆ ಈ ವಾಸನೆ ಬರುವುದಿಲ್ಲ, ನುಸಿಯೇ ಕಚ್ಚಬೇಕು. 1980ರ ದಶಕದಲ್ಲಿ ಮಾರ್ಸೆಲ್ ಡಿಕೆ, ಮೋರಿಸ್ ಸಾಬೆಲಿಸ್ ಎಂಬ ಡಚ್ ವಿಜ್ಞಾನಿಗಳು ಕವಲೊಡೆದ ಗಾಜಿನ ಕೊಳವೆ ಇಟ್ಟು ಪರೀಕ್ಷಿಸಿದರು. ಒಂದು ಕವಲಿನಿಂದ ಒಳ್ಳೆಯ ಎಲೆಯ ಗಾಳಿ, ಇನ್ನೊಂದರಿಂದ ನುಸಿ ಹತ್ತಿದ ಎಲೆಯ ಗಾಳಿ. ಬೇಟೆಗಾರ ನುಸಿಗಳು ಹೆಚ್ಚಾಗಿ ನುಸಿ ಹತ್ತಿದ ಎಲೆಯ ಕಡೆಗೇ ನಡೆದವು. ಅಂದರೆ ಗಿಡ ಕೂತಲ್ಲಿಂದಲೇ ತನ್ನ ಕಾವಲಿಗೆ ಆಳನ್ನು ಕರೆಸಿಕೊಳ್ಳುತ್ತದೆ, ಅಲ್ವಾ?

ಹಾಗಂತ ಎಲ್ಲ ಕಡೆಗೂ ಈ ಪರ್ಸಿಮಿಲಿಸ್ ನುಸಿಯೇ ಒಗ್ಗುತ್ತದೆ ಎಂದಲ್ಲ. ಗಾಳಿಯ ತೇವ ಶೇ. 60ಕ್ಕಿಂತ ಕೆಳಗಿಳಿದರೆ ಇದರ ಮೊಟ್ಟೆ ಒಣಗುತ್ತದೆ. ಪುಣೆಯ ಏಪ್ರಿಲ್ ಬಿಸಿಲು ಇದಕ್ಕೆ ಕಷ್ಟ. ಒಣ ಹವೆಗೆ ನಿಯೋಸಿಯುಲಸ್ ಕ್ಯಾಲಿಫೋರ್ನಿಕಸ್ ವಾಸಿ, ಬೇಟೆ ಇಲ್ಲದಾಗ ಪರಾಗ ತಿಂದೂ ಬದುಕುತ್ತದೆ. ನಮ್ಮ ನೆಲದಲ್ಲೇ ಇರುವ ನಿಯೋಸಿಯುಲಸ್ ಲಾಂಗಿಸ್ಪೈನೋಸಸ್ ಕೂಡ ಜೇಡನುಸಿಯನ್ನು ತಿನ್ನುತ್ತದೆ. ಯಾವ ಬೇಟೆಗಾರ ನುಸಿಯನ್ನು ತಂದು ಗಿಡಕ್ಕೆ ಬಿಟ್ಟರೂ ಎಲೆಯಲ್ಲಿ ಬಿಳಿ ಚುಕ್ಕೆ ಕಾಣಲು ಶುರುವಾದಾಗಲೇ ಬಿಡಬೇಕು. ಗಿಡದ ತುದಿಗೆಲ್ಲ ಬಲೆ ಕಟ್ಟಿದ ಮೇಲೆ ಬಿಟ್ಟರೆ ತಡವಾಯಿತು. ಬಿಟ್ಟ ಮೇಲೆ ಎಣ್ಣಿ ಡಬ್ಬಿಗೆ ಕೈ ಹಾಕುವ ಮುಂಚೆ ಅದು ಈ ಬೇಟೆಗಾರ ನುಸಿಗೂ ವಿಷವೇ ಎಂದು ವಿಚಾರಿಸಿಕೊಳ್ಳಿ.