ಮರೆವಿನ ಆರೈಕೆಗೆ ಮನೆಮಾತಿನ ತರಬೇತಿ

ಕಾಸರಗೋಡಿನ ಒಂದು ಹಿರಿಯರ ವಸತಿಗೆ ಸಿಬ್ಬಂದಿ ತರಬೇತಿಗೆಂದು ಹೋಗಿದ್ದಾಗ, ಅಲ್ಲಿನ ಮೇಲ್ವಿಚಾರಕಿ ಮೊದಲು ಕೇಳಿದ್ದು ಮರೆವಿನ ಕಾಯಿಲೆ (ಡಿಮೆನ್ಶಿಯ) ಇದ್ದ ಒಬ್ಬ ಅಜ್ಜಿಯ ವಿಷಯ. ಸ್ನಾನಕ್ಕೆ ಕರೆದರೆ ಹೊಡೆಯಲು ಕೈಯೆತ್ತುತ್ತಾರೆ, ಸಮಾಧಾನದ ಮಾತ್ರೆ ಬೇಕಾದೀತೇ ಎಂದು ಅವರು ವಿಚಾರಿಸಿದರು. ಬದಿಯಡ್ಕ ಕಡೆಯ, ಹವ್ಯಕ ಕನ್ನಡ ಮನೆಮಾತಾಗಿದ್ದ ಆ ಅಜ್ಜಿ ಪೇಟೆಯಲ್ಲೂ ಬ್ಯಾಂಕಿನಲ್ಲೂ ಮಲೆಯಾಳದಲ್ಲೇ ವ್ಯವಹರಿಸಿಕೊಂಡು ಬಂದವರು. ಆದ್ದರಿಂದ ಅವರಿಗೆ ಸಿಬ್ಬಂದಿಯ ಮಲೆಯಾಳ ಅರ್ಥವಾಗುತ್ತಿಲ್ಲವೆಂದು ಯಾರಿಗೂ ತೋಚಿರಲಿಲ್ಲ.

ಮಗಳ ಒಪ್ಪಿಗೆ ಪಡೆದು ಮರುದಿನ ಬೆಳಗ್ಗೆ ನಾನು ಜೊತೆಗಿದ್ದೆ. ಕೇರಳದ ತೆಂಕಣ ಜಿಲ್ಲೆಯೊಂದರಿಂದ ಬಂದ ಸಹಾಯಕಿ ಅಕ್ಕರೆಯಿಂದಲೇ "ವರೂ ಅಮ್ಮೇ, ಕುಳಿಕ್ಕಾಂ" (ಬನ್ನಿ ಅಮ್ಮ, ಸ್ನಾನ ಮಾಡೋಣ) ಎಂದು ತೋಳು ಹಿಡಿದು ಕರೆದೊಯ್ದು ಶವರ್ ತಿರುಗಿಸಿದಳು. ನೆತ್ತಿಗೆ ನೀರು ಬಿದ್ದದ್ದೇ ತಡ, ಅಜ್ಜಿ ಬೊಬ್ಬೆ ಹಾಕಿದರು. ಜೀವಮಾನವಿಡೀ ಹಂಡೆಯ ಬಿಸಿನೀರನ್ನು ಚೆಂಬಿನಲ್ಲಿ ಮೊಗೆದು ಕಾಲಿನಿಂದ ಮೇಲಕ್ಕೆ ಹೊಯ್ದುಕೊಂಡವರಿಗೆ, ಕಾಣದ ಕಡೆಯಿಂದ ತಲೆಯ ಮೇಲೆ ಸುರಿಯುವ ನೀರು ಸ್ನಾನವೆಂದು ಗೊತ್ತಾಗುವುದಾದರೂ ಹೇಗೆ? ಮೂರನೆಯ ದಿನ ಅದೇ ಹುಡುಗಿ, ಸ್ನಾನಕ್ಕೆ ಬಿಸಿನೀರಿದೆ ಎಂಬ, ಅಡುಗೆಯವರಿಂದ ಕಲಿತ ಒಂದೇ ಹವ್ಯಕ ವಾಕ್ಯವನ್ನು ಹೇಳಿದಳು: "ಅಜ್ಜೀ, ಮೀವಲೆ ಬೆಶಿನೀರು ಇದ್ದು." ಬಕೆಟ್ಟಿನ ಪಕ್ಕದಲ್ಲಿ ಸ್ಟೂಲ್ ಇಟ್ಟು, ಚೆಂಬನ್ನು ಅಜ್ಜಿಯ ಕೈಗೇ ಕೊಟ್ಟಳು. ಅಜ್ಜಿ ಒಂದು ಪಾದಕ್ಕೆ ನೀರು ಹೊಯ್ದು, ಬಿಸಿ ನೋಡಿ, ಇನ್ನೊಂದು ಪಾದಕ್ಕೆ ಹೊಯ್ದು, ಆಮೇಲೆ ತಾವೇ ಸೆರಗು ಸಡಿಲಿಸಿದರು. ಮಾತ್ರೆಯ ಪ್ರಸ್ತಾಪ ಮತ್ತೆ ಬರಲಿಲ್ಲ.

ಡಿಮೆನ್ಶಿಯ ಎಂಬುದು ಒಂದೇ ರೋಗದ ಹೆಸರಲ್ಲ. ಮಿದುಳಿನ ಹಲವು ಕಾಯಿಲೆಗಳಿಂದ ನೆನಪು, ಭಾಷೆ, ವಿವೇಚನೆಗಳು ಕುಂದುವ ಸ್ಥಿತಿ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್ ವಿವರಿಸಿದ ಕಾಯಿಲೆ ಇದಕ್ಕೆ ಅತಿ ಸಾಮಾನ್ಯ ಕಾರಣ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿ ಈ ಸ್ಥಿತಿಯಲ್ಲಿದ್ದಾರೆಂಬ ಅಂದಾಜಿದೆ. "ಅರುವತ್ತಕ್ಕೆ ಅರಳುಮರಳು" ಎಂದು ಸುಮ್ಮನಿದ್ದುಬಿಡುವುದರಿಂದ ಥೈರಾಯ್ಡ್ ದೋಷ, ಬಿ12 ಕೊರತೆಯಂತಹ, ಚಿಕಿತ್ಸೆಗೆ ಬಗ್ಗುವ ಕಾರಣಗಳೂ ಪತ್ತೆಯಾಗದೆ ಉಳಿಯುತ್ತವೆ. ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಎಳವೆಯಲ್ಲಿ ಕೇಳಿದ ಭಾಷೆ ಹೆಚ್ಚು ಕಾಲ ನಿಲ್ಲುವುದನ್ನು ನಾವು ಅನೇಕರಲ್ಲಿ ಕಾಣುತ್ತೇವೆ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ, ಮರಾಠಿ ಒಂದೇ ಊರಿನಲ್ಲಿ ಕೇಳಿಸುವ ನಮ್ಮ ಗಡಿನಾಡಿನಲ್ಲಿ ಇದು ದಿನನಿತ್ಯದ ಆರೈಕೆಯ ಪ್ರಶ್ನೆ.

ಮೊದಲ ವರ್ಷಗಳಲ್ಲಿ ನಾನೂ ಮಿದುಳಿನ ಚಿತ್ರ ತೋರಿಸಿಯೇ ಪಾಠ ಆರಂಭಿಸುತ್ತಿದ್ದೆ. ಈಗ ಪ್ರತಿಯೊಬ್ಬ ಹಿರಿಯರ ಕುರಿತು ಒಂದು ಪುಟ ಬರೆಯಿಸುವುದರಿಂದ ಆರಂಭಿಸುತ್ತೇನೆ: ಮನೆಮಾತು ಯಾವುದು, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಸ್ನಾನ ಬೆಳಗ್ಗೆಯೋ ಸಂಜೆಯೋ, ಕೈ ಯಾವ ಕೆಲಸಕ್ಕೆ ಪಳಗಿದೆ. ವರ್ಷಕ್ಕೊಮ್ಮೆ ಭಾಷಣ ಕೇಳಿ ಪ್ರಮಾಣಪತ್ರ ಪಡೆಯುವುದಕ್ಕಿಂತ, ಹೊಸ ಸಹಾಯಕಿ ಅನುಭವಿಯೊಬ್ಬರ ಜೊತೆ ಒಂದು ವಾರ ಸ್ನಾನ, ಊಟ, ಸಂಜೆಯ ಹೊತ್ತುಗಳಲ್ಲಿ ಇರುವುದು ನಿಜವಾದ ತರಬೇತಿಯೆಂದು ನನ್ನ ದೃಢವಾದ ಅಭಿಪ್ರಾಯ. ರಾತ್ರಿ ಪಾಳಿಯವರನ್ನು ಇದರಿಂದ ಬಿಡಲೇಬಾರದು.

ಆ ಪುಟದಿಂದಲೇ ಚಟುವಟಿಕೆಗಳೂ ಹುಟ್ಟಬೇಕು. ಉಪ್ಪಳ ಕಡೆಯ ಒಬ್ಬರು ಸಂಜೆಯಾದರೆ ಸೀರೆಯ ಅಂಚನ್ನು ಬೆರಳುಗಳಲ್ಲಿ ಸುರುಳಿ ಸುತ್ತುತ್ತ ಚಡಪಡಿಸುತ್ತಿದ್ದರು. ನಲವತ್ತು ವರ್ಷ ಬೀಡಿ ಕಟ್ಟಿದವರು ಅವರು. ಮಡಿಲಲ್ಲಿ ಒಂದು ತಡ್ಪೆ (ಮೊರ), ಅದರಲ್ಲಿ ನೆನೆಸಿ ಕತ್ತರಿಸಿದ ಎಲೆಗಳು ಮತ್ತು ನೂಲು ಇಟ್ಟೆವು, ಹೊಗೆಸೊಪ್ಪು ಇಡಲಿಲ್ಲ. ಹೆಬ್ಬೆರಳು ಎಲೆಯನ್ನು ಉರುಳಿಸಿತು, ತೋರುಬೆರಳು ತುದಿ ಮಡಚಿತು. ಪಕ್ಕದಲ್ಲಿ ಕುಳಿತವಳ ಸುರುಳಿ ಸಡಿಲವಾದಾಗ ಅವರು ಅದನ್ನು ಕಿತ್ತುಕೊಂಡು ಸರಿಮಾಡಿ ಕೊಟ್ಟರು. ದಿನವಿಡೀ ಟಿವಿಯಲ್ಲಿ ಭಕ್ತಿಗೀತೆ ಹಾಕಿಡುವುದನ್ನು ಚಟುವಟಿಕೆಯೆಂದು ವರದಿಯಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ನಿಲ್ಲದ ಸದ್ದು ಈಗಾಗಲೇ ಗೊಂದಲದಲ್ಲಿರುವವರನ್ನು ಇನ್ನಷ್ಟು ದಣಿಸುತ್ತದೆ.

ಬ್ರಿಟನ್ನಿನಲ್ಲಿ ರೂಪುಗೊಂಡ, ವಾರಕ್ಕೆರಡರಂತೆ 14 ಬೈಠಕ್‌ಗಳ ಚಿಂತನಾ ಪ್ರಚೋದನೆಯ (ಗುಂಪಿನಲ್ಲಿ ಮಾತುಕತೆ, ಚಟುವಟಿಕೆಗಳಿಂದ ಮನಸ್ಸನ್ನು ಚುರುಕಾಗಿಡುವ) ಕಾರ್ಯಕ್ರಮದಿಂದ ಆರಂಭದ ಮತ್ತು ಮಧ್ಯಮ ಹಂತದವರಿಗೆ ಪ್ರಯೋಜನವಿದೆಯೆಂದು 2003ರ ಪರೀಕ್ಷಾ ಅಧ್ಯಯನ ತೋರಿಸಿತು. ಅದನ್ನು ಇಲ್ಲಿ ನಡೆಸುವಾಗ ಹಳೆಯ ನಾಣ್ಯ, ಪತ್ರೊಡೆಯ ಸಾಮಗ್ರಿ, ಕುಂಬಳೆ ಸೀಮೆಯ ಯಕ್ಷಗಾನದ ಪ್ರಸಂಗಗಳು ಮಾತಿಗೆ ವಸ್ತುವಾಗಲಿ. ಉತ್ತರ ತಪ್ಪಾದರೆ ತಿದ್ದಬಾರದು. ಅಭಿಪ್ರಾಯ ಕೇಳಬೇಕು, ಪರೀಕ್ಷೆ ಮಾಡಬಾರದು.

ಒಂದು ಎಚ್ಚರಿಕೆಯನ್ನು ಸಿಬ್ಬಂದಿಗೆ ನಾನು ಪದೇಪದೇ ಹೇಳುತ್ತೇನೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಏಕಾಏಕಿ ಕಂಗೆಟ್ಟರೆ ಅಥವಾ ಮಂಕಾದರೆ ಮರೆವು ಹೆಚ್ಚಾಯಿತೆಂದುಕೊಳ್ಳದೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮೂತ್ರದ ಸೋಂಕು, ಮಲಬದ್ಧತೆ, ಹೇಳಲಾಗದ ನೋವು ಅಥವಾ ಹೊಸ ಔಷಧ ಕಾರಣವಿರಬಹುದು. ಕೂಗಾಟ ತಗ್ಗಿಸಲು ಕೊಡುವ ಮನೋವಿಕಾರದ (ಆಂಟಿಸೈಕೋಟಿಕ್) ಔಷಧಗಳು ಡಿಮೆನ್ಶಿಯವಿರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಅನಿವಾರ್ಯವಾದಾಗ ಮಾತ್ರ, ವೈದ್ಯರ ನಿಗಾದಲ್ಲಿ, ಕಡಿಮೆ ಅವಧಿಗೆ ಅವು ಸಲ್ಲುತ್ತವೆ.

ಅಮ್ಮನಿಗೋ ಅಪ್ಪನಿಗೋ ವಸತಿ ಹುಡುಕುತ್ತಿರುವವರು ಅಲ್ಲಿಗೆ ಸಂಜೆ ಐದರ ಹೊತ್ತಿಗೆ ಹೋಗಿ. ಆಫೀಸಿನಲ್ಲಿ ಕೊಡುವ ಚಟುವಟಿಕೆಗಳ ಪಟ್ಟಿ ನೋಡಿಯಾದ ಮೇಲೆ, ವರಾಂಡದಲ್ಲಿ ಕೆಲಸ ಮಾಡುತ್ತಿರುವ ಸಹಾಯಕಿಯ ಬಳಿ, ಎದುರಿಗೆ ಕುಳಿತಿರುವ ಹಿರಿಯರ ಮನೆಮಾತು ಯಾವುದೆಂದು ಕೇಳಿ.